ಕಾವಿನ ಅಳತೆ

ಕೊಡಲಿ ಕೊಳ್ಳಲು ಹೊರಟವಳು ದಾರಿಯುದ್ದಕ್ಕೂ ಕೊಡಲಿ ಸಿಗದಿರಲಪ್ಪಾ ಎಂದು ಬೇಡಿಕೊಳ್ಳುತ್ತ ಹೋಗುವುದು ವಿಚಿತ್ರವೇ. ಆದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡುವ ಈ ಹೆಂಗಸು ಶನಿವಾರ ಬೆಳಿಗ್ಗೆ ಅದನ್ನೇ ಮಾಡುತ್ತಿದ್ದಳು. ಗಂಡನ ಎಡಗಡೆಗೇ ನಡೆಯುತ್ತಿದ್ದಳು. ಅವನ ಎಡಗಣ್ಣು ಹೋಗಿ ಏಳು ತಿಂಗಳಾಗಿತ್ತು, ಆ ಕಡೆಯಿಂದ ಸೈಕಲ್ ಬಂದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಅವನು ವಾಚ್ ರಿಪೇರಿ ಮಾಡುವವನು. ಕಣ್ಣಿನ ಹಿಂದಿನ ಪರದೆ ಕಳಚಿಕೊಂಡು, ಎರಡು ಆಪರೇಷನ್ ಆಗಿ, ಕೊನೆಗೆ ಡಾಕ್ಟರು ಕೈಚೆಲ್ಲಿದಾಗ ಅವನು ನಕ್ಕುಬಿಟ್ಟಿದ್ದ. "ಮೂವತ್ತು ವರ್ಷದಿಂದ ಭೂತಗಾಜು ಸಿಕ್ಕಿಸಿಕೊಂಡು ಬಲಗಣ್ಣಲ್ಲೇ ಹೊಟ್ಟೆ ಹೊರೀತಿದ್ದೀನಿ. ಎಡಗಣ್ಣು ಬಿಟ್ಟಿ ಊಟ ಮಾಡ್ಕೊಂಡಿತ್ತು ಅಷ್ಟೆ" ಎಂದಿದ್ದ. ಅಂಗಡಿಯ ಮಟ್ಟಿಗೆ ಅದು ನಿಜವೂ ಆಗಿತ್ತು. ಮೂಗಿನ ತುದಿಗೆ ಹಿಡಿದ ವಾಚಿನಲ್ಲಿ ಸಾಸಿವೆಯಷ್ಟು ಸ್ಕ್ರೂವನ್ನು ಈಗಲೂ ಒಂದೇ ಏಟಿಗೆ ಕೂರಿಸುತ್ತಿದ್ದ. ಗೇಣಿನಾಚೆ ಮಾತ್ರ ಲೆಕ್ಕ ತಪ್ಪುತ್ತಿತ್ತು. ಟೀಯನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದ, ಬೀಗದ ಕೈಯನ್ನು ಬಾಗಿಲಿಗೆ ಕುಕ್ಕುತ್ತಿದ್ದ. "ಲೋಟ ಸರೀತು" ಎನ್ನುತ್ತಿದ್ದ. "ಹೌದ್ರೀ, ಈ ಮೇಜೇ ಓರೆ" ಎಂದು ಅವಳು ಒರೆಸುತ್ತಿದ್ದಳು. ಪಾಪ, ಮೇಜು ನೆಟ್ಟಗೇ ಇತ್ತು.

ಒಮ್ಮೆ ಬಾಯಿಬಿಟ್ಟು ನೋಡಿದ್ದಳು. ಬಲ್ಬ್ ಹಾಕಲು ಏಣಿ ಹತ್ತಬೇಡಿ, ಪಕ್ಕದ ಮನೆಯವರನ್ನು ಕರೆಯೋಣ ಎಂದಿದ್ದಳು. ಅವನ ಮುಖ ಇಷ್ಟು ಸಣ್ಣದಾಯಿತು. ಎರಡು ದಿನ ಆ ಮುಖ ನೋಡಿದ ಮೇಲೆ ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಈಗ ಬಂದದ್ದು ಏಣಿಯಲ್ಲ, ಕೊಡಲಿ. ವರ್ಷಕ್ಕೊಮ್ಮೆ ಇಬ್ಬರೂ ರಜೆ ಹಾಕಿ, ಕೆರೆಯಾಚೆಯ ಕಾಡಿನಂಚಿನಲ್ಲಿ ಡೇರೆ ಹೂಡಿ ನಾಲ್ಕು ದಿನ ಇದ್ದು ಬರುವುದು ಮದುವೆಯಾದಾಗಿನಿಂದ ನಡೆದು ಬಂದಿತ್ತು. ಅಲ್ಲಿ ಬೆಂಕಿಗೆ ಕಟ್ಟಿಗೆ ಸೀಳುವುದು ಅವನ ಕೆಲಸ. ವರ್ಷವಿಡೀ ಬೆನ್ನು ಬಗ್ಗಿಸಿ ಕೂತವನು ಅಲ್ಲಿ ನೆಟ್ಟಗೆ ನಿಂತು ಕೊಡಲಿ ಎತ್ತುವುದನ್ನು ನೋಡಲು ಅವಳಿಗೂ ಇಷ್ಟವಿತ್ತು. ಈ ಸಲ ಮಾತ್ರ ಕಣ್ಣು ಮುಚ್ಚಿದರೆ ಸಾಕು, ಕೊಡಲಿ ಅವನ ಮೊಣಕಾಲಿಗೇ ಇಳಿದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಹಳೆಯ ಕೊಡಲಿಯ ಕಾವು, ಅದರ ಮರದ ಹಿಡಿ, ಮುರಿಯಿತು. ಒಣಗಿ ಮುರಿಯಿತು ಎಂದು ಅವನೇ ಹೇಳಿದ. ಅವಳಿಗೆ ಹೋದ ಜೀವ ಬಂದಂತಾಯಿತು.

"ಹೋಗ್ಲಿ ಬಿಡಿ, ಗ್ಯಾಸ್ ಸ್ಟೋವ್ ಒಯ್ಯೋಣ" ಎಂದಳು.

"ಸ್ಟೋವ್ ಮುಂದೆ ಕೂರೋದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಹೊಸ ಕೊಡಲಿ ತಂದರಾಯ್ತು."

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಇಂತಿಷ್ಟು ದುಡ್ಡಿನೊಳಗೆ ಸಿಕ್ಕರೆ ತರೋಣ, ಇಲ್ಲದಿದ್ದರೆ ಇಲ್ಲ ಎಂದಳು. ಆ ಬೆಲೆಗೆ ಕೊಡಲಿ ಹೋಗಲಿ, ಒಳ್ಳೆಯ ಸುತ್ತಿಗೆಯೂ ಬರುವುದಿಲ್ಲವೆಂದು ಮೊದಲೇ ಮೂರು ಅಂಗಡಿಯಲ್ಲಿ ವಿಚಾರಿಸಿಕೊಂಡಿದ್ದಳು. ಅವನು ತಕರಾರಿಲ್ಲದೆ ಒಪ್ಪಿದ. ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ಅವಳು ಯೋಚಿಸಬೇಕಿತ್ತು, ಯೋಚಿಸಲಿಲ್ಲ.

ಕಬ್ಬಿಣದಂಗಡಿ ನಡೆಸುತ್ತಿದ್ದವಳು ದಪ್ಪ ಕನ್ನಡಕದ ಮುದುಕಿ. ಸಾಮಾನಿನ ಜೊತೆ ಗಿರಾಕಿಯನ್ನೂ ತೂಗುತ್ತಾಳೆಂದು ಎಲ್ಲರೂ ಅವಳನ್ನು ತಕ್ಕಡಿಯಜ್ಜಿ ಎನ್ನುತ್ತಿದ್ದರು. ಅಜ್ಜಿ ಮೊದಲು ಗೋಡೆಗೆ ತೂಗುಹಾಕಿದ ಥಳಕಿನ ಕೊಡಲಿಗಳನ್ನು ಇಳಿಸಿದಳು. ಒಂದಕ್ಕೆ ಕಿತ್ತಳೆ ಬಣ್ಣದ ರಬ್ಬರ್ ಹಿಡಿ, ಇನ್ನೊಂದಕ್ಕೆ ಚರ್ಮದ ಚೀಲ.

"ದುಬಾರಿ" ಎಂದಳು ಇವಳು. ಗಂಡ ಕೆಳಗಿಟ್ಟ. "ಇದೂ ದುಬಾರಿ" ಎಂದಳು. ಅದನ್ನೂ ಇಟ್ಟ. ಇನ್ನೊಂದು ದುಬಾರಿಯಾಗಿದ್ದರೆ ನೆಮ್ಮದಿಯಿಂದ ಮನೆಗೆ ಹೋಗಬಹುದಿತ್ತು.

ಅಜ್ಜಿ ಸುಮ್ಮನಿರಬೇಕಲ್ಲ. ಮೇಜಿನ ಕೆಳಗಿಂದ ಗೋಣಿಚೀಲ ಎಳೆದು ನಾಲ್ಕು ಬೋಳು ಕೊಡಲಿ ಸುರಿದಳು. "ಬಣ್ಣ ಇಲ್ಲ, ಪಾಲಿಶ್ ಇಲ್ಲ, ಅದಕ್ಕೇ ಅಗ್ಗ. ಉಕ್ಕು ಮಾತ್ರ ಗಟ್ಟಿ. ಪಾಲಿಶ್ ಮಾಡಿದ ಕಾವು ಬೆವರು ಕೈಯಲ್ಲಿ ಜಾರುತ್ತಮ್ಮ, ದುಡ್ಡು ಕೊಟ್ಟು ಯಾಕೆ ಜಾರಿಸ್ಕೋತೀಯ?" ಹೇಳಿದ ಬೆಲೆ ಇವಳ ಮಿತಿಯೊಳಗೇ ಇತ್ತು, ಚಿಲ್ಲರೆಯೂ ಮಿಗುತ್ತಿತ್ತು. ತಾನೇ ಹಾಕಿದ ಗೆರೆ, ಈಗ ದಾಟುವಂತಿಲ್ಲ.

ಗಂಡ "ಒಣಗಿ ಮುರೀತು" ಎನ್ನುತ್ತ, ಉದ್ದ ಹೋಲಿಸಲೆಂದು ಚೀಲದಿಂದ ಹಳೆಯ ಕೊಡಲಿಯನ್ನೂ ಮುರಿದ ಕಾವನ್ನೂ ತೆಗೆದಿಟ್ಟ. ಅಜ್ಜಿ ಕಾವನ್ನು ಎತ್ತಿಕೊಂಡು, ಅಲಗಿನ ಹತ್ತಿರದ ತುದಿಯನ್ನು ಬೆಳಕಿಗೆ ಹಿಡಿದಳು.

"ಇದು ಒಣಗಿ ಮುರಿದಿದ್ದಲ್ಲ. ಕುತ್ತಿಗೆ ಹತ್ರ ನೋಡಿ, ಎಷ್ಟು ಪೆಟ್ಟು. ಅಲಗು ಕಟ್ಟಿಗೆ ದಾಟಿ ಆಚೆ ಹೋಗಿದೆ, ಕಟ್ಟಿಗೆ ಮೇಲೆ ಬಿದ್ದಿರೋದು ಕಾವು. ಒಂದ್ಸಲ ಅಲ್ಲ, ಹತ್ತು ಹನ್ನೆರಡು ಸಲ. ಗಾಯ ಎಲ್ಲ ಹಸಿಹಸಿ ಇದೆ. ಯಾರೋ ಹೊಸಬರ ಕೈಗೆ ಕೊಟ್ಟಿದ್ರೇನು?"

ಹೊರಗೆ ಯಾರೋ ಮೊಳೆ ಕೇಳಿದರು, ಅಜ್ಜಿ ಎದ್ದು ಹೋದಳು. ಇವರಿಬ್ಬರೇ ಉಳಿದರು. ಗಂಡ ಆ ಮುರಿದ ತುಂಡನ್ನು ಕೈಗೆತ್ತಿಕೊಂಡ.

"ಹೊಸಬ ನಾನೇ" ಎಂದ. "ನೀನು ಕೆಲಸಕ್ಕೆ ಹೋದಾಗ ಹಿತ್ತಲಲ್ಲಿ ಹೊಡೆದು ನೋಡಿದೆ. ಕಟ್ಟಿಗೆ ಕಾಣೋದು ಒಂದ್ಕಡೆ, ಇರೋದು ಇನ್ನೊಂದ್ಕಡೆ. ಕೊನೇ ಏಟು ಕಾಲಿನ ಪಕ್ಕಾನೇ ಬಿತ್ತು. ಚಪ್ಪಲಿ ಅಂಚು ಕತ್ತರಿಸಿಕೊಂಡು ಹೋಯ್ತು. ಆಮೇಲೆ ಅಲ್ಲೇ ಕೂತುಬಿಟ್ಟೆ ಕಣೇ, ನೀನು ಬರೋವರೆಗೂ ಏಳೋಕಾಗಲಿಲ್ಲ."

ಅವಳು ಬಗ್ಗಿ ಅವನ ಕಾಲು ನೋಡಿದಳು. "ಮತ್ತೆ ಹೊಸದು ಯಾಕ್ರೀ?"

"ಬೇಡ ಅಂತ ನನ್ನ ಬಾಯಿಂದ ಹೇಗೆ ಬರುತ್ತೆ? ನೀನು ಹೇಳ್ತೀಯ ಅಂತ ಕಾದೆ. ನೀನು ಹೇಳ್ಲೇ ಇಲ್ಲ, ಬರೀ ದುಬಾರಿ ದುಬಾರಿ ಅಂದೆ. ಆ ಬೆಲೆಗೆ ಎಲ್ಲೂ ಸಿಗದೇ ಇರ್ಲಿ ಅಂತ ದಾರಿಯುದ್ದಕ್ಕೂ ಬೇಡ್ಕೊಂಡೇ ಬಂದೆ."

ಇಬ್ಬರೂ ಒಂದೇ ದಾರಿಯಲ್ಲಿ ಒಂದೇ ಹರಕೆ ಹೊತ್ತು ಬಂದಿದ್ದರು. ಅವಳಿಗೆ ನಗು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. ಮೂಗೊರೆಸಿಕೊಂಡು, ಇಷ್ಟು ದಿನ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದಳು.

"ಬೇಡ ರೀ. ನೀವು ಕೊಡಲಿ ಎತ್ತೋದು ಬೇಡ."

"ಆಯ್ತು" ಎಂದ.

ಅಷ್ಟೇ. ಮುಖ ಸಣ್ಣದಾಗಲಿಲ್ಲ. ಯಾರೋ ಬೆನ್ನ ಮೇಲಿನ ಮೂಟೆ ಇಳಿಸಿಕೊಟ್ಟಂತೆ ಅವನ ಭುಜ ಸಡಿಲವಾಯಿತು. ಅವಳು ಪಕ್ಕದ ಮೊಳೆಯ ಡಬ್ಬದ ಮೇಲೆ ಧೊಪ್ಪನೆ ಕೂತಳು. "ಹಾಗಾದ್ರೆ ಮನೆಗೆ ಹೋಗೋಣ್ವಾ?" ಎಂದಳು.

"ಮನೆಗ್ಯಾಕೆ? ಈ ಸಲ ಕಟ್ಟಿಗೆ ನೀನು ಸೀಳು. ತೋಳು ಚಾಚು."

ಒಂದು ಬೋಳು ಕೊಡಲಿಯ ಅಲಗನ್ನು ಅವಳ ಅಂಗೈಗೆ ಕೊಟ್ಟು, ಕಾವಿನ ತುದಿ ಕಂಕುಳಿಗೆ ಮುಟ್ಟುತ್ತದೆಯೇ ಎಂದು ನೋಡಿದ. ಮೊದಲನೆಯದು ಉದ್ದವಾಯಿತು. ಉಳಿದ ಮೂರನ್ನು ಒಂದೊಂದಾಗಿ ಎತ್ತಿ, ಕಾವಿನ ತುದಿಯಿಂದ ಅಲಗಿನ ಬಾಯಿಯವರೆಗೆ ಗೆರೆ ಹಿಡಿದು ನೋಡಿದ. "ಇದಕ್ಕೆ ಎಲ್ಲರೂ ಒಂದು ಕಣ್ಣು ಮುಚ್ಚಬೇಕು. ನನಗೆ ಆ ಶ್ರಮ ಉಳೀತು" ಎಂದ. ಒಂದರ ಅಲಗು ಓರೆ. ಇನ್ನೊಂದರ ಕಾವಿನಲ್ಲಿ ಮರದ ನಾರು ಅಡ್ಡಕ್ಕೆ ಓಡಿತ್ತು, ಜೋರಾಗಿ ಹೊಡೆದರೆ ಸೀಳಿಬಿಡುತ್ತದೆ ಎಂದ. ಕೊನೆಯದು ನೆಟ್ಟಗಿತ್ತು, ಅವಳ ತೋಳಿನ ಅಳತೆಗೂ ಸರಿಯಿತ್ತು. ನಾರು ತುದಿಯಿಂದ ತುದಿಗೆ ಉದ್ದಕ್ಕೆ ಹರಿದಿತ್ತು, ತೂಕವೂ ಹಗುರ. ಒಳಗೆ ಬಂದ ಅಜ್ಜಿ ತೂಗಿ ನೋಡುವಂತೆ ಇಬ್ಬರನ್ನೂ ನೋಡಿ, ಹಿಂದಿನ ಅಂಗಳದ ಬಾಗಿಲು ತೆಗೆದಳು. ಅಲ್ಲಿ ಗಿರಾಕಿಗಳು ಹೊಡೆದು ನೋಡಲೆಂದು ಒಂದು ದಪ್ಪ ಕೊರಡೂ ಅದರ ಮೇಲೆ ಒಂದು ತುಂಡು ಕಟ್ಟಿಗೆಯೂ ಇದ್ದವು.

"ಕಾಲು ಅಗಲಿಸು. ಕೊಡಲಿ ನೋಡ್ಬೇಡ, ಕಟ್ಟಿಗೆ ನೋಡು" ಎಂದ ಗಂಡ, ನಾಲ್ಕು ಹೆಜ್ಜೆ ಹಿಂದೆ ನಿಂತು.

ದಿನವಿಡೀ ಒದ್ದೆ ಬಟ್ಟೆಯ ಮೂಟೆ ಎತ್ತಿ ಪಳಗಿದ ತೋಳು ಅವಳದು. ಮೊದಲ ಏಟು ಅಂಚಿಗೆ ಬಿತ್ತು. ಎರಡನೆಯದಕ್ಕೆ ಕಟ್ಟಿಗೆ ಚಟ್ಟನೆ ಸೀಳಿ ಎರಡು ಕಡೆಗೆ ಹಾರಿತು.

ಅವನು ಒಂದು ಹೋಳನ್ನು ಎತ್ತಲು ಬಗ್ಗಿದ. ಕೈ ಅದರ ಆಚೆ ನೆಲಕ್ಕೆ ಬಿತ್ತು. ಲೋಟ, ಮೇಜು, ಯಾವುದರ ಮೇಲೂ ತಪ್ಪು ಹೊರಿಸದೆ, ಅವಳ ಎದುರಿಗೇ ನಿಧಾನವಾಗಿ ನೆಲ ತಡವುತ್ತ ಬಂದು ಹೋಳು ಹಿಡಿದ. ಅವಳು ನೆರವಿಗೆ ಹೋಗಲಿಲ್ಲ, ಬೇರೆ ಕಡೆ ನೋಡಲೂ ಇಲ್ಲ.