ಪರಮೇಶಪ್ಪನ ಪಾನಾ ಚೀಲ

ಸ್ಪ್ಯಾನರು, ಪಕ್ಕಡ ತುಂಬಿದ ಪರಮೇಶಪ್ಪನ ಪಾನಾ ಚೀಲವನ್ನು ಜೋಳದ ಡ್ರಮ್ಮಿನ ತಳದಲ್ಲಿ ಹೂತಿಟ್ಟವಳು ಬೇರೆ ಯಾರೂ ಅಲ್ಲ, ಅವನ ಸ್ವಂತ ಮಗಳು ಹೇಮಾ. ಹೂತಿಟ್ಟು, ಮೇಲೆ ಜೋಳ ಸರಿಮಾಡಿ, ಮುಚ್ಚಳ ಹಾಕಿ, ಏನೂ ಆಗದವಳಂತೆ ಚಹಾಕ್ಕೆ ನೀರಿಟ್ಟಳು.

ಕಾರಣವಿಲ್ಲದೆ ಇರಲಿಲ್ಲ. ಹಿಂದಿನ ದಿನವಷ್ಟೇ ಅಪ್ಪ ಕರಕರ ಎನ್ನುತ್ತಿದ್ದ ಫ್ಯಾನು ಬಿಚ್ಚಲು ಸ್ಟೂಲು ಹತ್ತಿದ್ದ. ಕೈ ನಡುಗಿ ಪಕ್ಕಡ ಜಾರಿತು, ಅದನ್ನು ಹಿಡಿಯಲು ಹೋಗಿ ತಾನೂ ಬಿದ್ದ. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೇ. ತಲೆ ನೆಟ್ಟಗಿತ್ತು, ಮೋಸ ಮಾಡಿದ್ದು ಕೈ. ಎಲುಬು ಮುರಿದುಕೊಂಡರೆ ಯಾರು ನೋಡಬೇಕು ಎಂದು ಹೇಮಾ ಗಂಡನಿಗೆ ಹೇಳಿದಳು. ರುದ್ರೇಶ ಹೌದೆಂದ.

ಆದರೆ ಮನುಷ್ಯರು ತಮಗೆ ಎಂಥ ಚೆಂದದ ಕಾರಣ ಹುಡುಕಿಕೊಳ್ಳುತ್ತಾರೆ ನೋಡಿ! ಒಳಗಿನ ಮಾತು ಬೇರೆಯೇ ಇತ್ತು. ತಾಯಿ ಗುತ್ತೆವ್ವ ತೀರಿಕೊಂಡ ಮೇಲೆ ಅಪ್ಪನನ್ನು ತಡಸದಿಂದ ಸವಣೂರಿನ ತನ್ನ ಹೊಸ ಮನೆಗೆ ಕರೆತಂದಿದ್ದಳಲ್ಲ, ಬಂದವನು ಸುಮ್ಮನೆ ಕೂರಲಿಲ್ಲ. ಮಿಕ್ಸರಿನ ತಿರುಗಿಸುವ ಗುಂಡಿ ಮುರಿದರೆ ಸೋಡಾ ಬಾಟಲಿಯ ಮುಚ್ಚಳ ಕೂರಿಸಿದ. ಪರದೆಯ ಸರಳಿಗೆ ಹಳೆಯ ಕೊಡೆಯ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿದ. ಬಚ್ಚಲಮನೆಯ ಚಿಲಕಕ್ಕೆ ಸೈಕಲ್ಲಿನ ಕಡ್ಡಿ. ರುದ್ರೇಶನ ಆಫೀಸಿನವರು ಊಟಕ್ಕೆ ಬಂದ ದಿನ ಆ ಚಿಲಕ ನೋಡಿ ಒಬ್ಬರಿಗೊಬ್ಬರು ನಕ್ಕರು. ಹೇಮಾಗೆ ನೆಲ ಬಾಯಿಬಿಡಬಾರದೇ ಎನಿಸಿತು. ಇದೇ ಅಪ್ಪ ಗೊಬ್ಬರದ ಚೀಲ ಹೊಲಿದು ಕೊಪ್ಪೆ ಮಾಡಿಕೊಟ್ಟಾಗ, ಮಳೆಯಲ್ಲಿ ಪುಸ್ತಕ ನೆನೆಯದೆ ಸಾಲಿಗೆ ಬರುವವಳು ನಾನೊಬ್ಬಳೇ ಎಂದು ಊರೆಲ್ಲ ಮೆರೆದಾಡಿದವಳು ಅವಳೇ.

"ಹೇಮಾ, ನನ್ನ ಚೀಲ ನೋಡೀಯೇನು?" ಅಪ್ಪ ಕೇಳಿದ.

"ಇಲ್ಲಪ್ಪಾ. ನೀನ ಎಲ್ಲೆರ ಇಟ್ಟು ಮರತಿರ್ಬೇಕು ನೋಡು."

ಎರಡು ದಿನ ಹುಡುಕುತ್ತಾನೆ, ಆಮೇಲೆ ಟಿವಿ ನೋಡುತ್ತಾ ಕೂರುತ್ತಾನೆ ಎಂದುಕೊಂಡಿದ್ದಳು. ಅಪ್ಪ ಮಂಚದ ಕೆಳಗೆ ತೆವಳಿ ನೋಡಿದ, ಅಟ್ಟ ನೋಡಿದ, ತಾನು ದಿನಾ ಹೋಗಿ ಕೂರುತ್ತಿದ್ದ ದಾದಾಪೀರನ ಸೈಕಲ್ ಅಂಗಡಿಗೆ ಹೋಗಿ ಅಲ್ಲೆಲ್ಲ ತಡಕಾಡಿದ. ಕೊನೆಗೆ ದಾದಾಪೀರನೇ ಅವನನ್ನು ಮನೆಯ ತನಕ ತಂದುಬಿಟ್ಟು, ಬಾಗಿಲಲ್ಲಿ ದನಿ ತಗ್ಗಿಸಿ ಹೇಳಿದ: "ತಂಗಿ, ಪರಮಣ್ಣ ಕೇಳಿದ್ದನ್ನ ಮತ್ತ ಮತ್ತ ಕೇಳಾಕತ್ತಾನ. ಒಬ್ಬವನ್ನ ಹೊರಗ ಬಿಡಬ್ಯಾಡ್ರಿ."

ಹೇಮಾ ತಲೆಯಾಡಿಸಿದಳು. ಆಗಲೇ ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ.

ಮರುದಿನ ಸಾಲಿ ಬಿಡುವ ಹೊತ್ತಿಗೆ ಅಪ್ಪ ಚಪ್ಪಲಿ ಮೆಟ್ಟಲಿಲ್ಲ. ಮೊಮ್ಮಗಳು ಅಂಕಿತಾಳನ್ನು ಕೈಹಿಡಿದು ಕರೆತರುವುದು ಅವನ ಕೆಲಸ. ಜ್ವರ ಬಂದಾಗಲೂ ತಪ್ಪಿಸಿದವನಲ್ಲ.

"ಇನ್ನ ನನ್ನ ಕಳಸಬ್ಯಾಡವಾ," ಎಂದ. "ಚೀಲ ಎಲ್ಲಿಟ್ಟೆ ಅನ್ನೂದ ಗೊತ್ತಿಲ್ಲದಾವ, ನಾಳೆ ಕೂಸಿನ್ನ ಎಲ್ಲಿ ಬಿಟ್ಟು ಬರ್ತೇನೋ!"

ಹೇಮಾ ತಾನೇ ಸಾಲಿಗೆ ಹೋಗಿ ಮಗಳನ್ನು ಕರೆತಂದಳು. ಅಂದಿನಿಂದ ಅಪ್ಪ ತನ್ನನ್ನು ತಾನೇ ಕಾವಲು ಕಾಯಲು ಶುರುಮಾಡಿದ. ಉಂಡ ಮೇಲೆ ಉಂಡೆನೇ ಎಂದು ಕೇಳುವನು. ಬಾಗಿಲ ಅಗಳಿ ಹಾಕಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮುಟ್ಟಿ ನೋಡುವನು. ಪಕ್ಕದ ಮನೆಯ ಶಾರವ್ವ, "ಅಜ್ಜಗ ಅರಳು ಮರಳು ಹತ್ತೇತಿ" ಎಂದು ಅವನ ಎದುರಿಗೇ ಅಂದಳು. ಅಪ್ಪ ಸಿಟ್ಟಾಗಲಿಲ್ಲ, ಹೌದೌದು ಎಂದು ನಕ್ಕ.

ನಿಜ ಹೇಳುವ ಬದಲು ಹೇಮಾ ಹೊಸದೊಂದು ದಾರಿ ಹಿಡಿದಳು. ನಳದ ನೀರು ಹರಿದುಹೋಗಿದ್ದರೆ, "ನಾನ ಬಿಟ್ಟಿದ್ದೆ ಅಪ್ಪಾ." ಕನ್ನಡಕ ಕಾಣದಿದ್ದರೆ, "ನಾನ ಎತ್ತಿಟ್ಟಿದ್ದೆ." ಎಲ್ಲರ ಮನೆಯಲ್ಲೂ ದಿನಾ ಆಗುವ ಸಣ್ಣ ಮರೆವು ಅವು. ಅವನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡರೆ ಒಂದು ದೊಡ್ಡ ಪಾಪ ಹಗುರಾದೀತು ಎಂಬ ಆಸೆ. ಹಗುರಾಗಲಿಲ್ಲ. ಅಪ್ಪ ಒಂದು ವಾರದಲ್ಲಿ ಹತ್ತು ವರ್ಷ ಮುದುಕನಾದ.

ಭಾನುವಾರ ರುದ್ರೇಶ ಅಂಕಿತಾಳನ್ನು ಕರೆದುಕೊಂಡು ಗೊಟಗೋಡಿಯ ಶಿಲ್ಪವನ ನೋಡಲು ಹೋಗಿದ್ದ. ಹೇಮಾ ಡ್ರಮ್ಮಿಗೆ ತೋಳುದ್ದ ಕೈ ಹಾಕಿ ಚೀಲ ಎಳೆದಳು, ನೇರ ತಂದು ಅಪ್ಪನ ಮುಂದಿಟ್ಟು ನೆಲಕ್ಕೆ ಕುಳಿತಳು.

"ಅಪ್ಪಾ, ಇದನ್ನ ಮುಚ್ಚಿಟ್ಟಾಕಿ ನಾನ. ನೀ ಏನೂ ಮರತಿಲ್ಲ. ನಿನ್ನ ತಲಿ ನೆಟ್ಟಗ ಐತಿ. ನಂದ ತಪ್ಪಾತು."

ಪರಮೇಶಪ್ಪ ಚೀಲ ಬಿಚ್ಚಿದ. ಪಾನಾ ತೆಗೆದಾಗ ನಾಲ್ಕು ಜೋಳದ ಕಾಳು ಉದುರಿದವು.

"ಜ್ವಾಳದಾಗ ಇತ್ತೇನು?"

"ಹೂಂ. ನಾನ ಇಟ್ಟಿದ್ದೆ."

ಅಪ್ಪ ಅವಳ ತಲೆ ನೇವರಿಸಿದ. "ನಳಾ ನೀ ಬಿಟ್ಟಿದ್ದಿ. ಕನ್ನಡಕ ನೀ ಎತ್ತಿಟ್ಟಿದ್ದಿ. ಈಗ ಇದೂ ನಿಂದ? ಎಲ್ಲಾ ನಿನ್ನ ಮ್ಯಾಲ ಹಾಕ್ಕೊಂತಿ. ನಿಮ್ಮವ್ವನೂ ಹಿಂಗ ಇದ್ಲು ನೋಡು."

"ಅವ್ವನಾಣಿ ಅಪ್ಪಾ, ಇದು ಖರೇನ!"

"ಸತ್ತಾಕಿ ಆಣಿ ಹಾಕಬ್ಯಾಡ. ಸಣ್ಣಾಕಿದ್ದಾಗಿಂದ ನಿನಗ ಸುಳ್ಳು ಹೇಳಾಕ ಬರೂದಿಲ್ಲ. ಮಾರಿ ನೋಡಿದ್ರ ತಿಳೀತೈತಿ."

ಹೇಮಾ ಅತ್ತಳು. ಆ ಅಳುವನ್ನೂ ಅವನು ಮಗಳ ಅಂತಃಕರಣವೆಂದೇ ತಿಳಿದ. ಅಂಗಿಯ ಜೇಬಿನಿಂದ ಏನೋ ತೆಗೆದು ಅವಳ ಅಂಗೈಗಿಟ್ಟ. ಉಪ್ಪಿನಕಾಯಿ ಡಬ್ಬಿಯ ಬಿಳಿ ಮುಚ್ಚಳ ಕತ್ತರಿಸಿ ಮಾಡಿದ ಬಿಲ್ಲೆ. ಕೊರಳಿಗೆ ಚುಚ್ಚದಂತೆ ಅಂಚನ್ನು ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿದ್ದ, ಕಾಸಿದ ಮೊಳೆಯಿಂದ ತೂತು ಕೊರೆದು ಹುರಿ ಪೋಣಿಸಿದ್ದ.

"ಇದರ ಮ್ಯಾಲ ನನ್ನ ಹೆಸರು, ನಿನ್ನ ಫೋನ್ ನಂಬರ ಬರಿಯವಾ. ನನ್ನ ಅಕ್ಷರ ನಡಗತಾವು. ಎಲ್ಲೆರ ಹೋಗಿ ಮನಿ ದಾರಿ ತಿಳೀಲಿಲ್ಲಂದ್ರ ಯಾರರ ಪುಣ್ಯಾತ್ಮರು ಫೋನ್ ಹಚ್ತಾರ. ಅಳಸದಂಥ ಪೆನ್ನೀಲೆ ಬರಿ."

ಅವಳು ಒಲ್ಲೆನೆಂದಳು. ಹಾಗಾದರೆ ದಾದಾಪೀರನ ಕೈಲಿ ಬರೆಸುತ್ತೇನೆಂದು ಅವನು ಎದ್ದ. ಕೊನೆಗೆ ಹೇಮಾ ಅಂಕಿತಾಳ ಮಾರ್ಕರ್ ಪೆನ್ನು ತಂದು, ಕಣ್ಣು ಒರೆಸಿಕೊಳ್ಳುತ್ತ ಅಪ್ಪನ ಹೆಸರು ಬರೆದಳು.

"ನಂಬರ ದೊಡ್ಡಾದ ಬರಿ. ಸಿಕ್ಕವರಿಗೆ ಕಾಣಬೇಕು."

ದೊಡ್ಡದಾಗಿ ಬರೆದಳು. ಪರಮೇಶಪ್ಪ ಬಿಲ್ಲೆಯನ್ನು ಕೊರಳಿಗೆ ಹಾಕಿ ಅಂಗಿಯ ಒಳಗೆ ಬಿಟ್ಟುಕೊಂಡ. ಆಮೇಲೆ ಪಾನಾ ಚೀಲದ ಬಾಯಿ ಕಟ್ಟಿ ಅವಳ ಕೈಗೇ ಕೊಟ್ಟ.

"ಇದನ್ನ ನೀನ ಎಲ್ಲೆರ ಮುಚ್ಚಿಡವಾ," ಎಂದ. "ನಾ ಕೇಳಿದ್ರೂ ಕೊಡಬ್ಯಾಡ."