ಸದ್ದಿಲ್ಲದ ಹಾಡಿನ ಲೆಕ್ಕ

ಬಾಗಲೂರಿನ ಮಾಲಾಳಿಗೆ ಆ ವಾರ ಊಟ ರುಚಿಸಲಿಲ್ಲ. ಪಿಯುಸಿ ಪುಸ್ತಕವಂತೂ ಮೊದಲಿಂದಲೂ ರುಚಿಸುತ್ತಿರಲಿಲ್ಲ, ಆ ಮಾತು ಬಿಡಿ. ಅವಳ ಜೀವವೆಲ್ಲ ಕೊರಿಯಾದ ಐದು ಹುಡುಗರ ಮೇಲಿತ್ತು. ‘ಲೂಮಿ ಫೈವ್’ ಅಂತ ತಂಡದ ಹೆಸರು. ಸಣ್ಣ ಕಂಪನಿಯ ಸಣ್ಣ ತಂಡ. ಹೊಸ ಹಾಡು ಭಾನುವಾರದೊಳಗೆ ಮೊದಲ ನೂರರ ಪಟ್ಟಿ ಸೇರದಿದ್ದರೆ ತಂಡವನ್ನೇ ಮುಚ್ಚುತ್ತೇವೆ ಎಂದು ಕಂಪನಿ ಹೇಳಿಬಿಟ್ಟಿತ್ತು. ಜನ ಹಾಡನ್ನು ಎಷ್ಟು ಸಲ ಕೇಳಿದರು ಎಂಬುದರ ಮೇಲೆ ಆ ಪಟ್ಟಿ. ಅಪ್ಪ ತೀರಿಕೊಂಡ ವರ್ಷ ಯಾರ ಮಾತೂ ಬೇಡವಾಗಿದ್ದ ಮಾಲಾಳನ್ನು ನಗಿಸಿದ್ದು ಆ ಐವರೇ. ಅವರನ್ನು ಹೇಗೆ ಕೈಬಿಟ್ಟಾಳು?

ಅಮ್ಮನ ಫೋನು, ಮಾವನ ಫೋನು, ಪಕ್ಕದ ಮನೆಯ ಗಾಜೊಡೆದ ಫೋನು ಎಲ್ಲ ಒಟ್ಟುಹಾಕಿದಳು. ಮನೆಯಲ್ಲಿ ಬೈಯುತ್ತಾರೆಂದು ಸದ್ದು ಪೂರ್ತಿ ಇಳಿಸಿ, ಹಗಲೆಲ್ಲ ಅದೇ ಹಾಡು ಓಡಿಸಿದಳು. ಅಜ್ಜಿ ದೊಡ್ಡಮುನಿಯಮ್ಮ ಮಾತ್ರ ಫೋನು ಕೊಡಲಿಲ್ಲ. “ನಂಗೂ ಬೇಕು ಕಣೇ. ಆಕ್ಕೊಡು, ಕೊಟ್ಗೇಲಿ ಇಟ್ಕಂತೀನಿ” ಅಂದಳು. ಮಾಲಾ ಹಾಕಿಕೊಟ್ಟಳು.

ಶನಿವಾರ ಮಧ್ಯಾಹ್ನ ಆರ್.ಟಿ. ನಗರದ ಅತೀಯಾ ಫೋನ್ ಮಾಡಿದಳು. ಲೂಮಿ ಫೈವ್ ಅಭಿಮಾನಿಗಳ ಫೋನ್ ಗುಂಪು ನೋಡಿಕೊಳ್ಳುತ್ತಿದ್ದವಳು ಅವಳೇ.

“ಮಾಲಾ, ಸೌಂಡ್ ಆಫ್ ಮಾಡಿ ಓಡಿಸ್ತಿಲ್ಲ ತಾನೆ?”

“ಆಫ್ ಮಾಡೇ ಓಡಿಸ್ತಿರೋದು. ಮನೇಲಿ ಬೈತಾರಲ್ಲೇ.”

“ಅಯ್ಯೋ ನಿನ್ನ. ಮ್ಯೂಟ್ ಇದ್ರೆ ಲೆಕ್ಕಕ್ಕೇ ತಗೊಳಲ್ಲ ಕಣೇ. ಗ್ರೂಪಲ್ಲಿ ಮೊದಲ್ನೇ ದಿನಾನೇ ಹಾಕಿದ್ನಲ್ಲ.”

ಮಾಲಾ ಅಲ್ಲೇ ಕೂತು ಅತ್ತಳು. ಅಜ್ಜಿ ಬಂದು ವಿಷಯವೆಲ್ಲ ಕೇಳಿದಳು.

“ನೀರಾಲು ತಗಂಡೋದ್ರೆ ಡೈರೀಲಿ ವಾಪಸ್ ಕಳ್ಸಲ್ವಾ, ಅಂಗೇ ಇದೂನೂವೆ. ಅತ್ರೆ ಏನ್ ಬಂತು? ಎದ್ದೇಳು, ಡೈರಿತಾವ ಓಗಾನ.”

ಸಂಜೆ ಹಾಲು ಹಾಕಲು ಕ್ಯಾನು ಹಿಡಿದು ನಿಂತಿದ್ದ ಹೆಂಗಸರ ಫೋನುಗಳನ್ನೆಲ್ಲ ಅಜ್ಜಿ ಈಚೆ ತೆಗೆಸಿದಳು. ಮಾಲಾ ಎಲ್ಲದರಲ್ಲೂ ಸದ್ದು ಏರಿಸಿ ಹಾಡು ಹಾಕಿದಳು. ಒಬ್ಬೊಬ್ಬರದು ಒಂದೊಂದು ಕಡೆಯಿಂದ ಶುರುವಾಗಿ, ಹಾಡು ಯಾವುದು ಗಲಾಟೆ ಯಾವುದು ಗೊತ್ತಾಗದಂತಾಯಿತು. ಹಾಲು ಅಳೆಯುವ ಪಿಳ್ಳಪ್ಪ ಕಿವಿ ಮುಚ್ಚಿಕೊಂಡ.

“ಏನ್ ದೊಡ್ಡಮ್ಮ, ಒಂದಕ್ಷರಾನಾದ್ರೂ ಅರ್ಥ ಆಯ್ತದಾ?”

“ನಿನ್ ಡೈರಿ ಲೆಕ್ಕ ಅರ್ಥ ಆಯ್ತದಾ ನಂಗೆ? ಆಲು ಉಯ್ತಾ ಇಲ್ವಾ? ಫೋನ್ ತೆಗಿ.”

ಪಿಳ್ಳಪ್ಪ ಕಿವಿಯಿಂದ ಕೈ ತೆಗೆದು ಫೋನೂ ತೆಗೆದ.

ಏನು ಮಾಡಿದರೂ ಆಗಲಿಲ್ಲ. ಭಾನುವಾರದ ಪಟ್ಟಿಯಲ್ಲಿ ಲೂಮಿ ಫೈವ್ ಇರಲಿಲ್ಲ. ಸಂಜೆಯೇ ಕಂಪನಿ ತಂಡವನ್ನು ಮುಚ್ಚಿತು. ಮುಸುಕು ಹಾಕಿ ಮಲಗಿದ ಮೊಮ್ಮಗಳ ಪಕ್ಕ ಅಜ್ಜಿ ಬಂದು ಕೂತಳು.

“ಇನ್ಮೇಲೆ ಆ ಉಡುಗ್ರು ಒಟ್ಟೆಗೇನ್ ಮಾಡ್ತಾವೆ, ಪಾಪ” ಅಂದಳು.

ಸೋಮವಾರ ಬೆಳಿಗ್ಗೆ ಕೊಟ್ಟಿಗೆಯಿಂದ ಕೂಗು ಬಂತು. “ಮಾಲಾ, ಫೋನಲ್ಲಿದ್ದ ಆ ಆಡು ಎಲ್ಲೋ ಓಗ್‌ಬುಟ್ಟದೆ, ಆಕ್ಕೊಡು ಬಾ. ಅದಿಲ್ದೆ ಗೌರಿ ಆಲು ಇಳುಸ್ತಾ ಇಲ್ಲ.”

“ನೀನು ಸೌಂಡ್ ಇಟ್ಟೇ ಹಾಕ್ತಿದ್ಯಾ ಅಜ್ಜಿ?”

“ಸೌಂಡ್ ಇಲ್ದೆ ಆಡು ಎಂಗೆ ಕೇಳಾದು?”

ಇನ್ನು ಯಾವ ಲೆಕ್ಕಕ್ಕೂ ಸೇರದ ಹಾಡನ್ನು ಮಾಲಾ ಹಾಕಿದಳು. ಹಸು ಗೌರಿಯ ಕಿವಿ ಅಲುಗಿತು. ಅಜ್ಜಿ ಕೆಚ್ಚಲಿಗೆ ಕೈಹಾಕಿ, “ಈಗ ನೋಡು, ಆ ಸಣ್ಣುಡ್ಗ ಒಬ್ನೇ ಮೆತ್ತಗೆ ಆಡ್ತಾನೆ” ಅಂದಳು.

ಹಾಗೇ ಆಯಿತು. ವಾದ್ಯಗಳೆಲ್ಲ ನಿಂತು ಒಂದೇ ದನಿ ಉಳಿಯಿತು. ವಾರವೆಲ್ಲ ಆ ಹಾಡನ್ನು ಸದ್ದಿಲ್ಲದೆ ಓಡಿಸಿದ್ದ ಮಾಲಾ ಒಂದು ಸಲವೂ ಹಾಡಿನ ಈ ಜಾಗದವರೆಗೆ ಕೇಳಿರಲಿಲ್ಲ. ಅವಳು ಅಜ್ಜಿಯ ಬೆನ್ನಿಗೆ ಒರಗಿ ಕೂತು, ಹಾಡು ಮುಗಿಯುವ ತನಕ ಕೇಳಿದಳು.