ತೊಗರಿ ಹೊಟ್ಟಿನ ಪರೀಕ್ಷೆ

ಡಾಬಕಾ ಊರಿನ ಹೊಲದ ಮನೆಯಲ್ಲಿ ಶಾಲುಬಾಯಿ ಮತ್ತು ಸೊಸೆ ಪ್ರಣಾಲಿ ಒಂದು ಹಟ ಹಿಡಿದಿದ್ದರು. ಉಪ್ಪು, ಎಣ್ಣೆ, ಚಹಾಪುಡಿ ಬಿಟ್ಟು ಬೇರೇನನ್ನೂ ಪೇಟೆಯಿಂದ ತರಬಾರದು. ಜೋಳ, ತೊಗರಿ, ಹೆಸರು ಹೊಲದಲ್ಲೇ ಬಂದಿದ್ದವು. ಏಳು ಜವಾರಿ ಕೋಳಿಗಳು ಯಾರ ಹಂಗೂ ಇಲ್ಲದೆ ತಿಪ್ಪೆ ಕೆದರಿಕೊಂಡು ಮೊಟ್ಟೆ ಇಡುತ್ತಿದ್ದವು. ಉಳಿದದ್ದು ಹಾಲೊಂದೇ.

ಆ ಹಾಲಿನ ಮೇಲೆಯೇ ಮಾತು ಬಂದು ನಿಂತಿತ್ತು. ಮಗ ಕೈಲಾಶ ಬೀದರಿನಲ್ಲಿ ಮಾಸ್ತರ. ಶನಿವಾರ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುವವನು. ಹೊಲ ಪಾಲಿಗೆ ಕೊಟ್ಟು ಎಲ್ಲರೂ ಬೀದರಿಗೆ ಬನ್ನಿ ಎಂದು ಎರಡು ವರ್ಷದಿಂದ ಹೇಳುತ್ತಿದ್ದ. ಹೇಳಿ ಹೇಳಿ ಸಾಕಾಗಿ ಒಂದು ದಿನ ಗಡುವು ಹಾಕಿದ.

“ಅವ್ವ, ಬುದ್ಧ ಪೂರ್ಣಿಮಾದ ಖೀರು ನಿಮ್ಮ ಮನಿ ಹಾಲಿನಾಗ ಆಗ್ಲಿ. ಆತಂದ್ರ ಹೊಲದ ಮಾತು ನಾ ಎತ್ತಂಗಿಲ್ಲ. ಇಲ್ಲಂದ್ರ ಗಂಟುಮೂಟಿ ಕಟ್ಟಬೇಕು.”

ಬೀದರಿನ ಮೂರನೇ ಮಾಳಿಗೆಯಲ್ಲಿದ್ದ ಮಗನ ಬಾಡಿಗೆ ಮನೆಯನ್ನು ಶಾಲುಬಾಯಿ ಒಮ್ಮೆ ನೋಡಿ ಬಂದಿದ್ದಳು. ಅಲ್ಲಿ ಮಣ್ಣು ಇದ್ದದ್ದು ತುಳಸಿ ಡಬ್ಬಿಯಲ್ಲಿ ಮಾತ್ರ.

ಕರಿ-ಬಿಳಿ ಸೀಮೆ ಆಕಳನ್ನು ತಾನೇ ಕೊಡಿಸುತ್ತೇನೆ ಎಂದೂ ಕೈಲಾಶ ಹೇಳಿದ್ದ. ಶಾಲುಬಾಯಿ ಒಪ್ಪಲಿಲ್ಲ. ಹಾಲು ಬಕೆಟ್ಟುಗಟ್ಟಲೆ ಕೊಟ್ಟೀತು, ನಿಜ. ಆದರೆ ಹಿಂಡಿ ಪೇಟೆಯಿಂದ ಬರಬೇಕು, ಡಾಕ್ಟರು ಔರಾದದಿಂದ ಬರಬೇಕು, ಬೇಸಿಗೆಯಲ್ಲಿ ಅದರ ಮೈಮೇಲೆ ನೀರು ಸುರಿಯಬೇಕು. ಬಾವಿ ಆ ಹೊತ್ತಿಗೆ ತಳ ಕಂಡಿರುತ್ತದೆ. ಈ ಕಡೆಯ ದೇವಣಿ ತಳಿಯ ಆಕಳು ಬಿಸಿಲು ತಾಳುತ್ತದೆ, ಆದರೆ ಅದಕ್ಕೂ ದಿನಕ್ಕೆ ಹೊರೆ ಜೋಳದ ಕಣಕಿ ಬೇಕು. ಅವರಿಗಿದ್ದದ್ದು ಒಂದೇ ಸಣ್ಣ ಬಣವೆ. ತೊಗರಿ ಹೊಟ್ಟು ಮಾತ್ರ ಮೂಲೆಯಲ್ಲಿ ಗುಡ್ಡದ ಹಾಗೆ ಬಿದ್ದಿತ್ತು. ಬದುವಿನ ತುಂಬ ಜಾಲಿ ಇತ್ತು. ಅವೆರಡನ್ನೂ ತಿಂದು ಹಾಲು ಕೊಡುವುದೆಂದರೆ ಆಡು.

ಹೋಳಿ ಮುಗಿದ ಮೇಲಿನ ಸಂತೆಗೆ ಅತ್ತೆ-ಸೊಸೆ ಔರಾದಕ್ಕೆ ಹೋದರು. ಶಾಲುಬಾಯಿಯ ಕಂಕುಳಲ್ಲಿ ಒಂದು ಚೀಲ ತೊಗರಿ ಹೊಟ್ಟು.

“ಇದೇನ್ರಿ ಶಾಲುಬಾಯಿ, ಆಡಿಗಿ ಬುತ್ತಿ ಕಟ್ಕೊಂಡು ಬಂದೀರಿ?” ಎಂದು ಆಡಿನ ವ್ಯಾಪಾರಿ ಹಬೀಬ ನಕ್ಕ.

“ನಿನ್ನ ಆಡು ನನ್ನ ಮನ್ಯಾಗ ಏನು ತಿಂತದೋ ಅದನ್ನ ಇಲ್ಲೇ ತಿಂದು ತೋರಿಸ್ಲಿ ಹಬೀಬಭಾಯಿ. ನಿನ್ನ ಬಾಯಿಮಾತು ನನಗ ಬ್ಯಾಡ.”

“ತೋರಿಸ್ರಿ, ತೋರಿಸ್ರಿ. ನಾ ನಡುವ ಬರಂಗಿಲ್ಲ.”

ಅವಳು ಒಂದೊಂದರ ಮುಂದೆಯೂ ಹಿಡಿ ಹೊಟ್ಟು ಚೆಲ್ಲುತ್ತಾ ಹೋದಳು. ಕಂದು ಬಣ್ಣದ, ಉದ್ದ ಕಿವಿಯ, ಎತ್ತರದ ಆಡೊಂದು ಬಂದು ನೆಲ ನೆಕ್ಕುವ ಹಾಗೆ ತಿಂದು ಚೀಲಕ್ಕೂ ಬಾಯಿ ಹಾಕಿತು. ಅದರ ಕೆಚ್ಚಲು ಸೋರೆಕಾಯಿಯಂತೆ ಇತ್ತು. ಪಕ್ಕದಲ್ಲಿ ಕಟ್ಟಿದ್ದ ಗಿಡ್ಡ ಕರಿ ಆಡು ನಾಲ್ಕು ಬಾರಿ ಬಾಯಾಡಿಸಿ ಮುಖ ತಿರುಗಿಸಿತು. ಆಮೇಲೆ ಬೇಲಿಗೆ ಒರಗಿಸಿದ್ದ ಒಣ ಜಾಲಿ ಟೊಂಗೆಯಿಂದ ಒಂದೊಂದೇ ಎಲೆ ಬಿಡಿಸಿ ತಿನ್ನುತ್ತಾ ನಿಂತಿತು.

“ಅತ್ತಿ, ಆ ಕರೀದು ನೋಡ್ರಿ,” ಎಂದಳು ಪ್ರಣಾಲಿ.

“ಅದಕ್ಕ ಹೊಟ್ಟು ಸೇರಂಗಿಲ್ಲ. ಕಣ್ಣಿಗಿ ಕಾಣಂಗಿಲ್ಲೇನು ನಿನಗ?”

ಪ್ರಣಾಲಿ ಮನ್ನಳ್ಳಿಯ ತವರಿನಲ್ಲಿ ಮದುವೆಯಾಗುವತನಕ ಆಡು ಕಾಯ್ದವಳು. ಆದರೂ ಸಂತೆಯ ನಡುವೆ ಅತ್ತೆಯ ಮಾತು ಮುರಿಯುವುದು ಬೇಡವೆಂದು ಸುಮ್ಮನಾದಳು.

ಕಂದು ಆಡು ಮರಿಯ ಸಮೇತ ಮನೆಗೆ ಬಂತು. ಎರಡು ದಿನ ಹೊಟ್ಟು ತಿಂದಿತು. ಮೂರನೇ ದಿನ ಮೂಸಿ ಬಿಟ್ಟಿತು. ಜಾಲಿ ಟೊಂಗೆ ಹಾಕಿದರೆ ಮುಳ್ಳಿಗೆ ಹೆದರಿ ಹಿಂದೆ ಸರಿಯಿತು. ದಿನವೆಲ್ಲ ಒದರುತ್ತಾ ಬಾವಿಯ ಬಳಿಯ ಮೆಂತ್ಯ ಮಡಿಯ ಕಡೆಗೇ ಹಗ್ಗ ಜಗ್ಗುತ್ತಿತ್ತು. ಎಂಟನೇ ದಿನಕ್ಕೆ ಮರಿಗೇ ಹಾಲು ಸಾಲದಾಯಿತು.

ಶಾಲುಬಾಯಿ ಅದರ ಮುಂದೆ ಕುಕ್ಕರಗಾಲಲ್ಲಿ ಬಹಳ ಹೊತ್ತು ಕುಳಿತಳು. ಸಂತೆಯಲ್ಲಿ ನುಂಗಿದ್ದೂ ಇದೇ ಹೊಟ್ಟು, ಇಲ್ಲಿ ಒಲ್ಲೆನ್ನುತ್ತಿರುವುದೂ ಇದೇ ಹೊಟ್ಟು. ಹಾಗಾದರೆ ಬದಲಾದದ್ದು ಏನು?

“ಪ್ರಣಾಲಿ, ನೀ ಅವತ್ತು ಏನು ಕಂಡಿದ್ದಿ? ಖರೆ ಹೇಳು.”

ಸೊಸೆ ಸೆರಗಿನ ತುದಿ ತಿರುವಿದಳು. “ಸಿಟ್ಟಾಗಬ್ಯಾಡ್ರಿ ಅತ್ತಿ. ಇದರ ಹೊಟ್ಟಿ ಒಳಗ ಹೋಗಿತ್ತು. ಹಸದಿತ್ರಿ. ಹಸದಾಗ ಯಾವ ಆಡಾದ್ರೂ ಏನಾದ್ರೂ ತಿಂತದ. ಆ ಕರೀದರ ಹೊಟ್ಟಿ ತುಂಬಿತ್ತು. ತುಂಬಿದ ಮ್ಯಾಲೂ ಜಾಲಿ ಬಿಡ್ಲಿಲ್ಲ ನೋಡ್ರಿ.”

ಅರವತ್ತು ವರ್ಷ ದನಕರುಗಳ ನಡುವೆ ಬದುಕಿ, ತಾನು ಹಸಿವನ್ನು ರುಚಿ ಎಂದು ತಿಳಿದುಕೊಂಡೆನಲ್ಲ ಎಂಬುದು ಶಾಲುಬಾಯಿಯನ್ನು ಕೊರೆಯಿತು. ಹಸಿದವರು ಏನು ಕೊಟ್ಟರೂ ತಿನ್ನುತ್ತಾರೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ. ಅವಳ ಬಾಲ್ಯವೆಲ್ಲ ಅದೇ ಆಗಿತ್ತು.

ಮುಂದಿನ ಸಂತೆಗೆ ಸೊಸೆಯ ಜೊತೆ ಕಂದು ಆಡನ್ನೂ ಮರಿಯನ್ನೂ ಹೊಡೆದುಕೊಂಡು ಹೋದಳು.

“ಹಬೀಬಭಾಯಿ, ಇದನ್ನ ಎಲ್ಲಿಂದ ತಂದಿದ್ದಿ?”

“ಭಾಲ್ಕಿ ಕಡಿಂದರಿ. ಕಾಲುವಿ ನೀರಿನ ಹೊಲದ್ದು, ಹಸಿ ಮೇವು ತಿಂದು ಬೆಳದದ್ದು. ಹಿಂದಿನ ದಿನಾ ಟೆಂಪೋದಾಗ ಏರಿಸಿದ್ದೆ, ಮೇವೇ ಬಿದ್ದಿದ್ದಿಲ್ಲ.”

“ಹೇಳ್ಲಿಕ್ಕ ನಿನ್ನ ನಾಲಗಿಗಿ ಏನಾಗಿತ್ತೋ?”

“ಬಾಯಿಮಾತು ಬ್ಯಾಡಂತ ನೀವೇ ಅಂದ್ರಲ್ಲರಿ!”

ಸುತ್ತಲಿನವರು ನಕ್ಕರು. ಶಾಲುಬಾಯಿಗೂ ನಗು ತಡೆಯಲಾಗಲಿಲ್ಲ. ಕರಿ ಆಡು ಇನ್ನೂ ಮಾರಾಟವಾಗಿರಲಿಲ್ಲ. ಗಿಡ್ಡವೆಂದು ಯಾರೂ ಕೇಳಿರಲಿಲ್ಲ. ಅದು ಹಬೀಬನ ಮನೆಯಲ್ಲೇ ಜಾಲಿ ತಿಂದು ಬೆಳೆದ ಆಡು. ಆಡಿಗೆ ಆಡು, ಮರಿಗೆ ಮರಿ ಬದಲಿ ಎಂದು ಅವನು ಹಗ್ಗ ಕೈಗಿತ್ತ. ಈ ಸಲ ಹಗ್ಗ ಹಿಡಿದದ್ದು ಪ್ರಣಾಲಿ.

ವೈಶಾಖದ ಬಿಸಿಲು ಹೊಲವನ್ನು ಹೆಂಚಿನಂತೆ ಕಾಯಿಸಿತು. ಕರಿ ಆಡು ನಸುಕಿಗೆ ಎದ್ದು ಜಾಲಿಕಾಯಿ ಆರಿಸಿ, ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ಹೊಟ್ಟು ಮೆಲ್ಲುತ್ತಾ ಕೂತಿರುತ್ತಿತ್ತು. ಮರಿ ಕುಡಿದು ಉಳಿದದ್ದು ದಿನಕ್ಕೆ ಒಂದು ಸಣ್ಣ ಚರಿಗೆ ಹಾಲು. ಒಂದು ದಿನವೂ ತಪ್ಪಲಿಲ್ಲ, ಒಂದು ದಿನವೂ ಹೆಚ್ಚಾಗಲಿಲ್ಲ.

ಪೂರ್ಣಿಮೆಯ ಬೆಳಿಗ್ಗೆ ಕೈಲಾಶ ಬಂದ. ಚೀಲದಿಂದ ಎರಡು ಹಾಲಿನ ಪಾಕೀಟು ತೆಗೆದು ಒಲೆಯ ಪಕ್ಕ ಇಟ್ಟ.

“ಕಡಿಮಿ ಬಿದ್ರ ಇರ್ಲಿ ಅಂತ ತಂದೀನಿ. ನಾನೇನು ಅನ್ನಂಗಿಲ್ಲ.”

ಶಾಲುಬಾಯಿ ಪಾಕೀಟುಗಳನ್ನು ಮತ್ತೆ ಅವನ ಚೀಲಕ್ಕೇ ಹಾಕಿದಳು. ಚರಿಗೆಯ ಹಾಲಿಗೆ ಹಿಡಿ ಅಕ್ಕಿ, ಚೂರು ಬೆಲ್ಲ ಬಿತ್ತು. ಆ ಅಕ್ಕಿ-ಬೆಲ್ಲ ಪೇಟೆಯದೇ. ಹಬ್ಬಕ್ಕೆಂದು ಹಟ ಅಷ್ಟು ಸಡಿಲಾಗಿತ್ತು. ಬುದ್ಧನ ಮೂರ್ತಿಯ ಮುಂದೆ ಒಂದು ಬಟ್ಟಲು ಇಟ್ಟು, ವಂದನೆ ಹೇಳಿ, ಉಳಿದದ್ದನ್ನು ಮೂವರು ಹಂಚಿಕೊಂಡರು. ಒಬ್ಬೊಬ್ಬರಿಗೆ ನಾಲ್ಕು ಗುಟುಕು.

ಕೈಲಾಶ ಮೊದಲ ಗುಟುಕಿಗೆ ಮೂಗು ಅರಳಿಸಿದ. “ಆಡಿನ ವಾಸನಿ ಬರ್ತದಲ್ಲ ಅವ್ವ.”

“ಬರ್ಲಿ. ಅದಿಲ್ಲಂದ್ರ ಎಲ್ಲಿಂದ ತಂದ ಹಾಲಂತ ನೀ ಕೇಳ್ತಿದ್ದಿ.”

ಅವನು ಬಟ್ಟಲನ್ನು ಬೆರಳಿನಿಂದ ಸವರಿ ನೆಕ್ಕಿದ. ಹೊರಗೆ ಆಡು ಟೊಂಗೆಯಿಂದ ಎಲೆ ಬಿಡಿಸುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದ.

“ನಾಲ್ಕು ಗುಟುಕಿನಾಗ ವರ್ಷ ಹ್ಯಾಂಗ ಕಳೀತೀರಿ? ಇನ್ನೊಂದು ಬೇಕಾಗ್ತದ. ಮುಂದಿನ ಸಂತಿಗಿ ನಾನೂ ಬರ್ಲೇನು?”

“ಬಾ. ಹಗ್ಗ ಹಿಡೀಲಿಕ್ಕ ಒಬ್ಬರು ಬೇಕು,” ಎಂದಳು ಶಾಲುಬಾಯಿ. “ಆರಿಸಾಕಿ ಪ್ರಣಾಲಿ.”